ಐಸೊಬೆಲ್ ರೆನ್ನಿ ಬರೆದ ಮುಖಗಳು

ಮಿಸ್ ರೆನ್ನಿ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ನನಗೆ ಹತ್ತು ವರ್ಷ. ಸಾವಿರದ ಒಂಬೈನೂರ ಇಪ್ಪತ್ತಾರನೇ ಇಸವಿ, ಬೇಸಿಗೆ ಆಗಷ್ಟೇ ಮುಗಿದಿತ್ತು. ನಮ್ಮೂರು ಪೋರ್ಟ್‌ಗಾರ್ವಿಯ ಶಾಲೆಗೆ ಚಿತ್ರಕಲೆ ಕಲಿಸುವವರೊಬ್ಬರು ಬರುತ್ತಾರೆ, ಅವರಿಗೊಂದು ಕೋಣೆ ಬೇಕು ಎಂದು ಹೆಡ್‌ಮಾಸ್ಟರು ಹೇಳಿಕಳಿಸಿದ್ದರು. ಅಮ್ಮ ಮಹಡಿಯಲ್ಲಿ ತುಂಬಿಟ್ಟಿದ್ದ ಬಲೆಗಳನ್ನೆಲ್ಲ ಕೆಳಗಿಳಿಸಿ, ನೆಲ ತಿಕ್ಕಿ, ಕಿಟಕಿಗೆ ಪರದೆ ಹಾಕಿದಳು. ಎಷ್ಟು ತಿಕ್ಕಿದರೂ ಮೀನಿನ ವಾಸನೆ ಹೋಗಲಿಲ್ಲ.

ಬಂದವರು ಎತ್ತರದ ಹೆಂಗಸು, ಇಪ್ಪತ್ತೆಂಟರ ಆಸುಪಾಸು. ಕೈಗಳು ಮಾತ್ರ ಗಂಡಸಿನ ಕೈಗಳಂತೆ ದೊಡ್ಡವು. ಅವರಪ್ಪ ಅಬರ್ಡೀನಿನಲ್ಲಿ ಗೋರಿಕಲ್ಲು ಕೆತ್ತುತ್ತಿದ್ದವರು. ಅವರು ಕೆತ್ತುವ ಮೊದಲು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಡುತ್ತಿದ್ದದ್ದು ಈ ಮಗಳೇ. ಆ ಊರಿನ ಚಿತ್ರಕಲಾ ಶಾಲೆಯಲ್ಲಿ ವಿದ್ಯಾರ್ಥಿವೇತನದ ಮೇಲೆ ಕಲಿತಿದ್ದರು. ಎಡಿನ್‌ಬರೊದ ಒಂದು ಪ್ರದರ್ಶನದಲ್ಲಿ ಅವರ ಎರಡು ಚಿತ್ರಗಳನ್ನು ತೂಗುಹಾಕಿದ್ದರಂತೆ. ಎರಡು ವರ್ಷ ಇಲ್ಲಿ ಪಾಠ ಹೇಳುವುದು, ಆಮೇಲೆ ಬರೀ ಚಿತ್ರ ಬರೆದುಕೊಂಡಿರುವುದು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದರು. ಸತ್ತದ್ದೂ ಇಲ್ಲೇ.

ಮೊದಲ ವರ್ಷಗಳಲ್ಲಿ ಅವರು ಬರೆಯುತ್ತಿದ್ದದ್ದು ಸಮುದ್ರವನ್ನೇ. ಗಾಳಿ ಎಷ್ಟೇ ಇರಲಿ, ಶನಿವಾರ ಬಂಡೆಗಳ ಹತ್ತಿರ ಹೋಗಿ, ಚಿತ್ರದ ಹಲಗೆಯನ್ನು ಹಗ್ಗದಿಂದ ಕಲ್ಲಿಗೆ ಬಿಗಿದು ಬರೆಯುತ್ತಿದ್ದರು. ನಮ್ಮಪ್ಪನಿಗೆ ಸಂಧಿವಾತ ಹಿಡಿದು ದೋಣಿ ಬಿಟ್ಟಾಗಿತ್ತು. ಹೊಸ್ತಿಲಲ್ಲಿ ಕೂತು ಬಲೆ ಹೆಣೆಯುತ್ತಿದ್ದ.

"ನಿನ್ನೇನೂ ಸಮುದ್ರ, ಇವತ್ತೂ ಸಮುದ್ರ. ನಿಮಗೆ ಬೇಜಾರಾಗಲ್ವಾ ಮಿಸ್?" ಎಂದು ಅಪ್ಪ ಕೇಳುತ್ತಿದ್ದ.

"ನೀವು ಮೂವತ್ತು ವರ್ಷ ಅದೇ ಮೀನು ಹಿಡೀಲಿಲ್ವಾ?"

"ನಾನು ಹಿಡಿದಿದ್ದನ್ನ ತಿನ್ನಬಹುದಿತ್ತು."

"ನಂದನ್ನ ಒಲೆಗೆ ಹಾಕಬಹುದು. ಒಳ್ಳೇ ಬೆಂಕಿ ಬರತ್ತೆ," ಎಂದು ಅವರು ನಗುತ್ತಾ ಮೆಟ್ಟಿಲು ಹತ್ತುತ್ತಿದ್ದರು. ಆಗ ಅವರು ನಗುತ್ತಿದ್ದರು.

ಶಾಲೆಯಲ್ಲಿ ನಾನೂ ಅವರ ಕೈಕೆಳಗೆ ಕಲಿತೆ. ನನಗೆ ಗೆರೆ ಎಳೆಯಲು ಬರುತ್ತಿರಲಿಲ್ಲ, ಅವರು ಅದಕ್ಕೆ ಬೈಯಲೂ ಇಲ್ಲ. "ನೀನು ನೋಡ್ತಾ ಇಲ್ಲ ಐನಾ, ನಿನಗೆ ಗೊತ್ತಿರೋದನ್ನ ಬರೀತಾ ಇದೀಯ," ಎನ್ನುತ್ತಿದ್ದರು. ಮುಖ ಬರೆಯುವುದನ್ನು ಕಲಿಸಲು ಯಾರನ್ನಾದರೂ ಮುಂದೆ ಕೂರಿಸಿ, ನೋಡುನೋಡುತ್ತಿದ್ದಂತೆ ಕಪ್ಪುಹಲಗೆಯ ಮೇಲೆ ಅವರನ್ನು ಇಳಿಸಿಬಿಡುತ್ತಿದ್ದರು. ಕೂರಲು ನಾ ಮುಂದೆ ತಾ ಮುಂದೆ ಎಂದು ನಮ್ಮಲ್ಲಿ ಜಗಳವಾಗುತ್ತಿತ್ತು. ನಮ್ಮ ಬೀದಿಯವರು ಹೆಚ್ಚಿನವರು ಸಣ್ಣ ಪ್ರಾರ್ಥನಾ ಮಂದಿರಕ್ಕೆ ನಡೆದುಕೊಳ್ಳುವವರು. ಫೋಟೊ ತೆಗೆಸಿಕೊಳ್ಳುವುದು, ಗೋಡೆಗೆ ಚಿತ್ರ ಹಾಕುವುದು ಎಲ್ಲ ಜಂಬದ ಪಾಪ ಎಂದು ಹಿರಿಯರು ಬಿಡುತ್ತಿರಲಿಲ್ಲ. ಕಪ್ಪುಹಲಗೆಯ ಮೇಲಿನ ಮುಖವನ್ನು ಗಂಟೆ ಹೊಡೆದ ಮೇಲೆ ಒರೆಸುತ್ತಿದ್ದರಲ್ಲ, ಅದಕ್ಕೇ ಯಾರೂ ತಕರಾರು ತೆಗೆದಿರಲಿಲ್ಲ.

ನನಗೆ ಹದಿನೈದಾದಾಗ, ಆ ಚಳಿಗಾಲದಲ್ಲಿ, 'ಫೇತ್‌ಫುಲ್' ದೋಣಿ ಬಂದರಿನ ಬಾಯಲ್ಲೇ ಮಗುಚಿತು. ಊರೆಲ್ಲ ಕಟ್ಟೆಯ ಮೇಲೆ ನಿಂತು ನೋಡಿತು. ಹಗ್ಗ ಎಸೆದರೆ ಮುಟ್ಟುವಷ್ಟು ಹತ್ತಿರ, ಆದರೆ ಅಲೆ ಯಾರನ್ನೂ ಹತ್ತಿರ ಬಿಡಲಿಲ್ಲ. ನನ್ನ ಅಣ್ಣ ವಾಟಿ ಅದರಲ್ಲಿದ್ದ. ಕೆಲವರ ಹೆಣ ಮರಳಿಗೆ ಬಂತು. ವಾಟಿಯದು ಬರಲಿಲ್ಲ.

ಅಮ್ಮ ಅಳಲಿಲ್ಲ. ಊಟವನ್ನೂ ಮಾಡಲಿಲ್ಲ. ಒಲೆಯ ಪಕ್ಕ ಕೂತವಳು ಕೂತೇ ಇದ್ದಳು. ಅಕ್ಕಪಕ್ಕದವರು ತಂದಿಟ್ಟ ಓಟ್ಸ್ ಗಂಜಿ ಆರಿ ಕೆನೆಗಟ್ಟುತ್ತಿತ್ತು. ಒಂದು ಮಧ್ಯಾಹ್ನ ಮಿಸ್ ರೆನ್ನಿ ಶಾಲೆಯಿಂದ ಬಂದು, ಟೋಪಿಯನ್ನೂ ತೆಗೆಯದೆ ಅವಳೆದುರು ಕೂತರು.

"ಮಿಸ್, ಅವನ ಮುಖ ಹೋಗ್ತಾ ಇದೆ," ಎಂದಳು ಅಮ್ಮ. "ದನಿ ಇದೆ. ಬೂಟಿನ ಸದ್ದಿದೆ. ಮುಖ ನೋಡೋಣ ಅಂತ ಕಣ್ಣು ಮುಚ್ಚಿದ್ರೆ ಬರೀ ಗದ್ದ ಬರತ್ತೆ."

ಮಿಸ್ ರೆನ್ನಿ ಮಹಡಿಗೆ ಹೋಗಿ ಕಾಗದ, ಇದ್ದಿಲ ಕಡ್ಡಿ ತಂದರು. ಊಟದ ಮೇಜಿನ ಮೇಲೇ ಹರಡಿಕೊಂಡರು. ವಾಟಿ ಅವರ ಬಳಿ ಕಲಿತವನಲ್ಲ, ಆದರೆ ಐದು ವರ್ಷ ಒಂದೇ ಮೇಜಿನಲ್ಲಿ ಉಂಡಿದ್ದರು.

"ಹೇಳ್ತಾ ಹೋಗಿ ಎಲ್ಸ್ಪೆಟ್. ತಪ್ಪಿದ್ರೆ ತಪ್ಪು ಅನ್ನಿ."

"ಮೂಗು ಅಷ್ಟು ನೆಟ್ಟಗಿರಲಿಲ್ಲ," ಎಂದಳು ಅಮ್ಮ ಕಾಗದದತ್ತ ಬಗ್ಗಿ. "ಐನಾ ಒಂದ್ಸಲ ಸೌಟು ಎಸೆದಿದ್ಲು."

"ನಾನು ಎಸೆದಿದ್ದು ತಾಗಲೇ ಇಲ್ಲ. ಅವನೇ ಮೆಟ್ಟಿಲ ಮೇಲೆ ಬಿದ್ದಿದ್ದು," ಎಂದೆ.

"ಸುಳ್ಳು ಹೇಳ್ಬೇಡ. ಸತ್ತೋನ ಮೇಲೆ ಹಾಕ್ತೀಯಾ?"

ಮಿಸ್ ರೆನ್ನಿ ಬೆರಳಿನಿಂದ ಮೂಗನ್ನು ಒರೆಸಿ ತಿದ್ದಿದರು. "ಅವನಿಗೆ ಸಿಟ್ಟು ಬಂದ್ರೆ ಏನ್ಮಾಡ್ತಿದ್ದ?"

"ನಗ್ತಿದ್ದ, ಹಾಳಾದೋನು. ಕಣ್ಣು ಮಾತ್ರ ನಗ್ತಿರಲಿಲ್ಲ."

ಅದು ಸಿಕ್ಕಿದ ಮೇಲೆ ಮುಖ ಬೇಗ ಬಂತು. ನಾನು ಮೇಜಿನ ಅಂಚು ಹಿಡಿದುಕೊಂಡು ನೋಡುತ್ತಿದ್ದೆ. ಬರೀ ಕಪ್ಪು ಧೂಳಾಗಿದ್ದದ್ದು ಒಂದು ಗಳಿಗೆಯಲ್ಲಿ ವಾಟಿಯಾಗಿ ನಮ್ಮನ್ನು ನೋಡಿತು. ಅಮ್ಮನಿಗೆ ಆಗ ಅಳು ಬಂತು. ಅತ್ತು ಮುಗಿಸಿ, ಎದ್ದು, ಒಂದು ಹೆರಿಂಗ್ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಹುರಿದು ತಿಂದಳು. ಪ್ರಾರ್ಥನಾ ಮಂದಿರದ ಹಿರಿಯರು ಬಂದು ಗೋಡೆಗೆ ತೂಗಿಸಿದ ವಾಟಿಯ ಕಡೆ ನೋಡಿ ಕೆಮ್ಮಿದರು. "ನೀವು ಅವನನ್ನ ಸಮುದ್ರದಿಂದ ಎತ್ತಿ ತನ್ನಿ, ಚಿತ್ರ ಇಳಿಸ್ತೀನಿ," ಎಂದಳು ಅಮ್ಮ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಸುದ್ದಿ ಬೀದಿಯಲ್ಲಿ ಹಬ್ಬಿತು. 'ಫೇತ್‌ಫುಲ್'ನಲ್ಲಿ ಹೋದವರ ಮನೆಯ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಮೆಟ್ಟಿಲು ಹತ್ತಿದರು. ಆಮೇಲೆ ಹಳೆಯ ಸಾವುಗಳವರು, ಜರ್ಮನ್ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು, ಗಂಟಲುಬೇನೆಗೆ ಹೋದ ಕೂಸುಗಳ ತಾಯಂದಿರು. ನೋಡದೇ ಇದ್ದವರ ಮುಖವನ್ನೂ ಮಿಸ್ ರೆನ್ನಿ ಹೆಂಗಸರ ಬಾಯಿಂದ ಎಳೆದೆಳೆದು ಬರೆಯುತ್ತಿದ್ದರು. ಸತ್ತವನ ಅಣ್ಣತಮ್ಮಂದಿರ ಮುಖ ನೋಡಿ ಬರುತ್ತಿದ್ದರು, ಕೇಳುತ್ತಿದ್ದರು, ಒರೆಸುತ್ತಿದ್ದರು. ಬೇಕರಿ ಓಣಿಯ ನ್ಯಾನ್ ತನ್ನ ಗಂಡನ ಚಿತ್ರ ನೋಡಿ ತಲೆಯಾಡಿಸಿದಳು. "ಇವನು ನಗ್ತಾ ಇದಾನೆ ಮಿಸ್. ಹನ್ನೊಂದು ವರ್ಷದಲ್ಲಿ ನಾನು ಅದನ್ನ ಕಂಡಿಲ್ಲ. ಪಕ್ಕದ ಮನೆ ಗಂಡಸನ್ನ ತಂದು ಹಾಕ್ಕೊಂಡ ಹಾಗಿರತ್ತೆ. ತೆಗೀರಿ ಅದನ್ನ." ತೆಗೆದರು. ನ್ಯಾನ್ ಖುಷಿಯಾಗಿ ಮೊಟ್ಟೆ ಕೊಟ್ಟು ಹೋದಳು.

ಸಮುದ್ರದ ಚಿತ್ರಗಳು ನಿಂತುಹೋದವು. ಅರ್ಧ ಬರೆದ ಕ್ಯಾನ್ವಾಸುಗಳು ಮಂಚದ ಕೆಳಗೆ ಸೇರಿದವು. ನಾನು ಆ ಹೊತ್ತಿಗೆ ಬೇರೆ ಹುಡುಗಿಯರ ಜೊತೆ ಮೀನು ಸೀಳುವ ಕೆಲಸಕ್ಕೆ ಹೋಗುತ್ತಿದ್ದೆ. ರಜೆಯಲ್ಲಿ ಬಂದಾಗ ಕೇಳಿದೆ, "ನೀವು ಅಬರ್ಡೀನಿಗೆ ವಾಪಸ್ ಹೋಗಲ್ವಾ ಮಿಸ್?"

"ಹೋಗ್ತೀನಿ. ಈ ಮುಖಗಳ ಪಟ್ಟಿ ಮುಗೀಲಿ."

ನಮ್ಮೂರಿನಲ್ಲಿ ಆ ಪಟ್ಟಿ ಮುಗಿಯುವುದು ಹೇಗೆ?

ಎಬನ್ ಸ್ಲೇಟರ್ ವಿಷಯಕ್ಕೆ ಬರುತ್ತೇನೆ. ಅವನ ತಾಯಿ ಬ್ಯಾಬಿ ನಮ್ಮಮ್ಮನ ಬಾಲ್ಯದ ಗೆಳತಿ. ಇಬ್ಬರೂ ಹುಡುಗಿಯರಾಗಿದ್ದಾಗ ಒಂದೇ ತೊಟ್ಟಿಯ ಮುಂದೆ ನಿಂತು ಮೀನು ಸೀಳಿದವರು. ಬ್ಯಾಬಿಯ ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಅವಳಿಗೆ ಇದ್ದವನು ಎಬನ್ ಒಬ್ಬನೇ. ಶಾಲೆಯಲ್ಲಿ ಮಿಸ್ ರೆನ್ನಿಗೆ ಸಿಕ್ಕ ಒಬ್ಬನೇ ನಿಜವಾದ ಶಿಷ್ಯನೂ ಅವನೇ. ಅವನು ನೋಡಿ ಬರೆಯುತ್ತಿದ್ದ. ಅವನನ್ನು ಅಬರ್ಡೀನಿನ ಚಿತ್ರಕಲಾ ಶಾಲೆಗೆ ಕಳಿಸಬೇಕು, ಖರ್ಚಿನ ಏರ್ಪಾಡು ತಾನು ಮಾಡುತ್ತೇನೆ ಎಂದು ಅವರು ನಮ್ಮ ಅಡುಗೆಮನೆಯಲ್ಲಿ ಬ್ಯಾಬಿಯನ್ನು ಕೂರಿಸಿಕೊಂಡು ಹೇಳಿದರು.

"ಹೋಗಿ ಏನ್ ಬರೀತಾನೆ ಅಲ್ಲಿ?" ಎಂದಳು ಬ್ಯಾಬಿ.

"ಮೊದಲು ಸೇಬು, ಹೂಜಿ, ಅಂಥದ್ದು. ಆಮೇಲೆ ಮನುಷ್ಯರು."

"ಸೇಬು! ಕೇಳಿದ್ಯೇನೇ ಎಲ್ಸ್ಪೆಟ್? ಸೇಬು ತಿನ್ನೋಕಿರೋದು ಮಿಸ್. ಅವರಪ್ಪನ ದೋಣೀಲಿ ಜಾಗ ಕಾಯ್ತಾ ಇದೆ. ದೋಣಿ ಬಿಟ್ಟು ಸೇಬು ಬರೀತೀನಿ ಅಂದ್ರೆ ಅವನಿಗೆ ಹೆಣ್ಣು ಯಾರು ಕೊಡ್ತಾರೆ?"

ಎಬನ್ ದೋಣಿಗೆ ಹೋದ. ಅವನಿಗೆ ಬೇಸರವೇನೂ ಇದ್ದಂತಿರಲಿಲ್ಲ. ದಡದಲ್ಲಿದ್ದ ವಾರಗಳಲ್ಲಿ ನಮ್ಮ ಮಹಡಿಗೆ ಬಂದು ಕೂರುತ್ತಿದ್ದ, ಮಿಸ್ ರೆನ್ನಿ ಅವನನ್ನು ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದರು. ಶಾಲೆಯ ಕಪ್ಪುಹಲಗೆ ಬಿಟ್ಟರೆ, ಎಷ್ಟೋ ವರ್ಷಗಳ ಮೇಲೆ ಬದುಕಿದ್ದ ಮುಖವೊಂದನ್ನು ಬರೆದದ್ದು ಅದು. ಅವನು ಬಲೆ ತೊಡೆಯ ಮೇಲೆ ಹಾಕಿಕೊಂಡು, ಏನೋ ಹೇಳಲು ಬಾಯಿ ತೆರೆದಂತೆ, ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಂತೆ ಕೂತಿದ್ದ ಚಿತ್ರ. ಬರೆಯುತ್ತಾ ಅವರು ಗುನುಗುತ್ತಿದ್ದದ್ದು ಕೆಳಗೆ ನಮಗೆ ಕೇಳುತ್ತಿತ್ತು. ಬ್ಯಾಬಿಯೂ ಬಂದು ನೋಡಿದಳು. "ಕಿವಿ ತೊಳ್ಕೊಂಡು ಕೂತಿದೀಯ, ಪುಣ್ಯ," ಎಂದಳು ಮಗನಿಗೆ. ಅವಳಿಗೆ ಒಳಗೊಳಗೇ ಹೆಮ್ಮೆ. ಎಡಿನ್‌ಬರೊದ ಪ್ರದರ್ಶನದವರು ಚಿತ್ರವನ್ನು ಒಪ್ಪಿಕೊಂಡರು. ಪೆಟ್ಟಿಗೆ ಮಾಡಿ ರೈಲಿಗೆ ಹಾಕಿದ್ದು ನಮ್ಮಪ್ಪನೇ.

ಆ ವರ್ಷದ ಅಕ್ಟೋಬರಿನಲ್ಲಿ ನಮ್ಮ ಕರಾವಳಿಯ ದೋಣಿಗಳೆಲ್ಲ ಹೆರಿಂಗ್ ಹಿಂದೆ ದೂರದ ದಕ್ಷಿಣದ ಬಂದರು ಯಾರ್ಮತ್‌ಗೆ ಹೋದವು. ಮೀನು ಸೀಳುವ ನಾವೂ ರೈಲಿನಲ್ಲಿ ಹಿಂದೆ ಹೋದೆವು. ಒಂದು ಬೆಳಗ್ಗೆ ತೊಟ್ಟಿಯ ಮುಂದೆ ನಿಂತಿದ್ದಾಗ ಎಬನ್‌ನ ಅಪ್ಪ ಕಟ್ಟೆಯ ಮೇಲೆ ನಡೆದು ಬಂದ. ಟೋಪಿ ಕೈಯಲ್ಲಿತ್ತು. ಬಲೆ ಬಿಡುವಾಗ ಹಗ್ಗ ಹುಡುಗನ ಕಾಲಿಗೆ ಸುತ್ತಿಕೊಂಡು ಎಳೆದುಕೊಂಡು ಹೋಗಿತ್ತು. ಬಲೆ ಪೂರ್ತಿ ಎತ್ತಿದಾಗ ಅವನ ಒಂದು ಬೂಟು ಮಾತ್ರ ಬಂತು. ಆ ಮನುಷ್ಯ ನಮಗೆ ಅದನ್ನು ಹೇಳಿ, ನಾವು ಸೀಳುತ್ತಿದ್ದ ಮೀನನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದ. ನಮ್ಮ ಕೈ ನಿಲ್ಲಲಿಲ್ಲ. ನಿಲ್ಲಿಸಿದರೆ ಏನು ಮಾಡಬೇಕೆಂದು ಯಾರಿಗೂ ತಿಳಿದಿರಲಿಲ್ಲ.

ನಾನು ಊರಿಗೆ ಮರಳುವ ಹೊತ್ತಿಗೆ ಮಾತು ಹುಟ್ಟಿಯಾಗಿತ್ತು. ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಆಕೆ ಬರೆಯೋದು ಸತ್ತವರನ್ನ. ಎಬನ್‌ನನ್ನ ಬದುಕಿದ್ದಾಗಲೇ ಬರೆದಳು. ಬರೆದಳು, ಹೋದ. ಅಷ್ಟೇ ಮಾತು. ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಬಲೆ ಒಣಹಾಕುವ ಬಯಲಿನಲ್ಲಿ ಅದೇ ಮಾತು.

ಚಿತ್ರ ಎಡಿನ್‌ಬರೊದಿಂದ ಡಿಸೆಂಬರಿನಲ್ಲಿ ವಾಪಸ್ ಬಂತು. ಮಾರನೆಯ ಬೆಳಗ್ಗೆ ಬ್ಯಾಬಿ ನಮ್ಮ ಅಡುಗೆಮನೆಯಲ್ಲಿ ನಿಂತಿದ್ದಳು. ಮೈ ಅರ್ಧಕ್ಕರ್ಧ ಇಳಿದಿತ್ತು.

"ಬಂತಂತಲ್ಲ," ಎಂದಳು.

"ಬಂತು ಬ್ಯಾಬಿ," ಎಂದರು ಮಿಸ್ ರೆನ್ನಿ. "ಅದನ್ನ ನಿಮಗೇ ಕೊಡಬೇಕು ಅಂತ..."

"ನೀನು ಮಾತಾಡ್ಬೇಡ." ಬ್ಯಾಬಿ ಅವರನ್ನು ಅದುವರೆಗೆ ಯಾವತ್ತೂ 'ನೀನು' ಎಂದವಳಲ್ಲ. "ಸತ್ತೋರನ್ನ ಬರೀತಿದ್ದೆ. ನಾವೇ ಬಂದು ಕೇಳ್ತಿದ್ವಿ, ಸರಿ. ನನ್ ಮಗ ಸತ್ತಿರಲಿಲ್ವಲ್ಲ. ಈ ಮೇಜಲ್ಲೇ ಕೂತು ಆಲೂಗಡ್ಡೆ ತಿಂತಿದ್ನಲ್ಲ. ಅವನನ್ನ ಯಾಕೆ ಬರೆದೆ?"

"ಚೆನ್ನಾಗಿದ್ದ, ಅದಕ್ಕೆ."

ಬೇರೆ ಏನಾದರೂ ಹೇಳಬಹುದಿತ್ತು. ಆ ಹೆಂಗಸಿಗೆ ಅಂಥ ಹೊತ್ತಿನಲ್ಲಿ ಒಂದು ಸಣ್ಣ ಸುಳ್ಳೂ ಹೊಳೆಯುತ್ತಿರಲಿಲ್ಲ.

"ಬ್ಯಾಬಿ, ಕಾಲಿಗೆ ಸುತ್ತಿದ್ದು ಹಗ್ಗ ಕಣೇ," ಎಂದಳು ಅಮ್ಮ ಮೆಲ್ಲಗೆ. "ಚಿತ್ರ ಅಲ್ಲ."

"ನಿನ್ ಮಗ ಗೋಡೆ ಮೇಲಿದಾನೆ ಎಲ್ಸ್ಪೆಟ್. ನೀನು ಹೇಳ್ತೀಯ."

ಮಿಸ್ ರೆನ್ನಿ ಮೇಲೆ ಹೋಗಿ ಚಿತ್ರವನ್ನು ತಂದು ಅವಳ ಕೈಗೆ ಕೊಟ್ಟರು. ಬ್ಯಾಬಿ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು ಹೊರಟಳು. ಗಾಳಿ ಹಾಯಿಯನ್ನು ಎಳೆದಂತೆ ಎಳೆಯುತ್ತಿತ್ತು, ಅವಳು ಎರಡು ಸಲ ಮುಗ್ಗರಿಸಿದಳು. ಮನೆಗೆ ಹೋಗುತ್ತಾಳೆ ಎಂದುಕೊಂಡೆವು. ಅವಳು ಹೋದದ್ದು ಮೀನಿಗೆ ಹೊಗೆ ಹಾಕುವ ಮನೆಗೆ. ಮೇಲೆ ಸಾಲುಸಾಲು ಹೆರಿಂಗ್ ತೂಗಿತ್ತು, ಕೆಳಗೆ ಓಕ್ ಮರದ ಹೊಟ್ಟು ಉರಿಯುತ್ತಿತ್ತು. ಅವಳು ಚಿತ್ರವನ್ನು ಅದರ ಮೇಲೆ ಇಟ್ಟಳು. ಕೆಲಸದವರು ಪಕ್ಕಕ್ಕೆ ಸರಿದು ನಿಂತರೇ ಹೊರತು ತಡೆಯಲಿಲ್ಲ. ಎಣ್ಣೆಬಣ್ಣ ಸುಟ್ಟ ವಾಸನೆ ನಮ್ಮ ಬೀದಿಯವರೆಗೂ ಬಂತು. ಮಾಲೀಕ ಅವತ್ತಿನ ಮೀನನ್ನೆಲ್ಲ ಸಮುದ್ರಕ್ಕೆ ಸುರಿಸಿದ.

ನಮ್ಮ ಕಡೆ ದೋಣಿಯವರಿಗೆ ಕೆಟ್ಟ ಶಕುನ ಎದುರಾದರೆ ಕಬ್ಬಿಣ ಮುಟ್ಟುವ ಪದ್ಧತಿ. "ತಣ್ಣನೆ ಕಬ್ಬಿಣ" ಎಂದು ಬಾಯಲ್ಲಿ ಹೇಳಿ, ಬೂಟಿನ ಮೊಳೆಯೋ ಬಾಗಿಲ ಚಿಲಕವೋ ಕೈಗೆ ಸಿಕ್ಕಿದ್ದನ್ನು ಮುಟ್ಟುತ್ತಾರೆ. ಆ ಚಳಿಗಾಲದಿಂದ ಮಿಸ್ ರೆನ್ನಿ ಬೀದಿಯಲ್ಲಿ ಬಂದರೆ ಗಂಡಸರು ಕಬ್ಬಿಣ ಹುಡುಕತೊಡಗಿದರು. ಒಂದು ದಿನ ಅವರು ಕನ್ನಡಕ ಮರೆತು ಹೋಗಿದ್ದರೆಂದು ನಾನು ಶಾಲೆಗೆ ಒಯ್ದೆ. ಮಕ್ಕಳು ಹೂಜಿಯೊಂದನ್ನು ನೋಡಿ ಬರೆಯುತ್ತಿದ್ದರು. ಬಾಗಿಲ ಸದ್ದಿಗೆ ಅವರು ಮೇಜಿನಿಂದ ತಲೆಯೆತ್ತಿ ತರಗತಿಯತ್ತ ನೋಡಿದರು. ಅಷ್ಟೂ ಮಕ್ಕಳು ಒಟ್ಟಿಗೆ ಬಗ್ಗಿ ತಮ್ಮ ತಮ್ಮ ಡೆಸ್ಕಿನ ಕಬ್ಬಿಣದ ಕಾಲನ್ನು ಮುಟ್ಟಿದವು. ಯಾರೂ ನಗಲಿಲ್ಲ. ಅದು ಅವುಗಳಿಗೆ ರೂಢಿಯಾಗಿಹೋಗಿತ್ತು. ಅವರು ಕನ್ನಡಕ ಹಾಕಿಕೊಂಡು, "ಥ್ಯಾಂಕ್ಸ್ ಐನಾ," ಎಂದು ಮತ್ತೆ ಮೇಜಿಗೆ ಬಗ್ಗಿದರು.

ಪೋಷಕರು ದೂರು ಕೊಟ್ಟ ಮೇಲೆ ಶಾಲೆಯವರು ಮನುಷ್ಯರ ಮುಖ ಬರೆಸಬಾರದು ಎಂದು ಹೇಳಿದರು. ಇನ್ನು ಮುಂದೆ ಹೂಜಿ, ಎಲೆ, ಚಿಪ್ಪು. ಒಂದು ಬೆಳಗ್ಗೆ ಬಂದರಿನ ದಾರಿಯಲ್ಲಿ ಅವರನ್ನು ಕಂಡ ಒಬ್ಬ ದೋಣಿಯ ನಾಯಕ ತನ್ನವರನ್ನೆಲ್ಲ ಕರೆದುಕೊಂಡು ಮನೆಗೆ ವಾಪಸಾದ. "ನಾವು ಹೋಗೋ ಹೊತ್ತಿಗೆ ಯಾಕೆ ಎದುರಿಗೆ ಬರ್ತೀಯಮ್ಮ? ನಮಗೂ ಮಕ್ಕಳಿದ್ದಾರೆ," ಎಂದು ಬೀದಿಗೆ ಕೇಳುವಂತೆ ಕೂಗಿದ. ಅಂದಿನಿಂದ ಅವರು ಊರ ಹಿಂದಿನ ಹೊಲಗಳ ದಾರಿ ಹಿಡಿದರು. ಅದು ಎರಡರಷ್ಟು ದೂರ. ಮಳೆ ಬಂದರೆ ನಿಲ್ಲಲು ಒಂದು ಗೋಡೆಯೂ ಇರಲಿಲ್ಲ.

ಅವರನ್ನು ಮನೆಯಿಂದ ಹೊರಹಾಕು ಎಂದು ಅಮ್ಮನಿಗೆ ಹೇಳದವರಿಲ್ಲ. "ಹಾಕಿದ್ರೆ ನಿಮ್ಮನೇಲಿ ಇಟ್ಕೋತೀರಾ?" ಎಂದು ಅಮ್ಮ ಕೇಳುತ್ತಿದ್ದಳು. ಹೀಗೆ ಹೇಳಿದವರ ಮನೆಯ ಗೋಡೆಗಳ ಮೇಲೆ ಅವರು ಬರೆದ ಮುಖಗಳು ಇದ್ದೇ ಇದ್ದವು. ಅವನ್ನು ಯಾರೂ ಇಳಿಸಲಿಲ್ಲ. ಅಮ್ಮ ಮತ್ತು ಬ್ಯಾಬಿಯ ನಡುವೆ ಮಾತು ನಿಂತುಹೋಯಿತು.

ಇನ್ನೊಂದು ಯುದ್ಧ ಬಂತು. ನಮ್ಮೂರ ಗಂಡುಮಕ್ಕಳು ನೌಕಾಪಡೆಗೆ, ಶತ್ರುಗಳು ಸಮುದ್ರದಲ್ಲಿ ಬಿಟ್ಟ ಸಿಡಿಗುಂಡು ಎತ್ತುವ ದೋಣಿಗಳಿಗೆ ಹೋದರು. ಸಾವಿನ ತಂತಿ ಬಂದ ಮನೆಗಳ ಹೆಂಗಸರು ಮತ್ತೆ ಬಂದರು. ಆದರೆ ಈಗ ಹಿತ್ತಲ ಓಣಿಯಿಂದ, ಶಾಲನ್ನು ಮುಖದ ಮೇಲೆ ಎಳೆದುಕೊಂಡು. ಕೂತು, ಹೇಳಿ, ಅತ್ತು, ಕಾಗದವನ್ನು ಶಾಲಿನೊಳಗೆ ಸುತ್ತಿಕೊಂಡು ಹೋಗುತ್ತಿದ್ದರು. ಮರುದಿನ ಅಂಗಡಿಯಲ್ಲಿ ಎದುರಾದರೆ ಚಿಲಕ ಮುಟ್ಟುತ್ತಿದ್ದರು. ಮಿಸ್ ರೆನ್ನಿ ಒಬ್ಬರಿಗೂ ಇಲ್ಲ ಎನ್ನಲಿಲ್ಲ. ನನಗೆ ಸಿಟ್ಟು ತಡೆಯದೆ ಒಮ್ಮೆ ಕೇಳಿದೆ:

"ಇವರಿಗೆ ನೀವು ಯಾಕೆ ಬರೆದುಕೊಡ್ತೀರಿ? ಬೇರೆ ಊರಿಗೆ ಹೋಗಬಾರದಾ? ಎಲ್ಲಾದ್ರೂ ಕೆಲಸ ಸಿಗತ್ತೆ."

ಅವರು ಇದ್ದಿಲಿನ ಕೈಯನ್ನು ನೋಡಿಕೊಂಡರು. "ಬೇರೆ ಊರಲ್ಲಿ ನಂಗೆ ಯಾರ ಮುಖವೂ ಗೊತ್ತಿಲ್ಲ, ಐನಾ."

ಯುದ್ಧ ಮುಗಿದು ಮೂರು ವರ್ಷಕ್ಕೆ, ಈಸ್ಟರ್ ರಜೆಯಲ್ಲಿ, ಬ್ಯಾಬಿ ಬಂದಳು. ಮುಂಬಾಗಿಲಿನಿಂದಲೇ ಬಂದಳು. ಗಂಡ ತೀರಿಕೊಂಡು, ಮನೆಯಲ್ಲಿ ಒಬ್ಬಳೇ ಇದ್ದಳು. ಅಮ್ಮ ಚಹಾ ಇಟ್ಟಳು. ನಾನು ಮಿಸ್ ರೆನ್ನಿಯನ್ನು ಕೆಳಗೆ ಕರೆದೆ.

"ನನಗೆ ಎಬನ್ ಬೇಕು," ಎಂದಳು ಬ್ಯಾಬಿ. ಕ್ಷಮಿಸಿ ಎನ್ನಲಿಲ್ಲ. ಮಿಸ್ ರೆನ್ನಿಗೂ ಅದು ಬೇಕಿದ್ದಂತೆ ಕಾಣಲಿಲ್ಲ. ಅವರ ಬಲಗೈ ಆ ಹೊತ್ತಿಗೆ ಸ್ವಲ್ಪ ನಡುಗುತ್ತಿತ್ತು, ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡು ಬರೆಯಲು ಕೂತರು. ಗೆರೆಗಳು ಬೇಗ ಬಂದವು. ಬಲೆಯ ಮೇಲೆ ಕೈ, ತೆರೆದ ಬಾಯಿ, ಬೆಳಕು ಬಿದ್ದ ಕೆನ್ನೆ.

ಬ್ಯಾಬಿ ನೋಡಿದಳು. "ಇದು ಆ ಚಿತ್ರ."

"ಹೌದು."

"ಹಾಗೆ ಕೂತಿದ್ದು ನಿಮಗೋಸ್ಕರ ಮಿಸ್. ನಮ್ಮನೇಲಿ ಹಾಗೆ ಕೂರ್ತಿರಲಿಲ್ಲ ಅವನು. ನಂಗೆ ನಮ್ಮನೆ ಎಬನ್ ಬೇಕು."

ಮಿಸ್ ರೆನ್ನಿ ಇನ್ನೊಂದು ಕಾಗದ ತೆಗೆದುಕೊಂಡರು. "ಹೇಳಿ. ಮನೇಲಿ ಹೇಗಿದ್ದ? ಬೆಳಗ್ಗೆ ಎದ್ದಾಗ ಮುಖ ಹೇಗಿರ್ತಿತ್ತು? ನೀವು ಬೈದ್ರೆ?"

ಬ್ಯಾಬಿ ಬಾಯಿ ತೆರೆದಳು. ಅಂಥ ಬಾಯಿಯ ಬ್ಯಾಬಿ, ಊರಿಗೆ ಊರನ್ನೇ ನಗಿಸಿದವಳು. ಅವಳ ಬಾಯಿಂದ ಏನೂ ಬರಲಿಲ್ಲ. "ಕೂದಲು ಕೆಂಪಗಿತ್ತು," ಎಂದಳು ಕೊನೆಗೆ. "ಅವರಪ್ಪನ ಹಾಗೆ," ಎಂದಳು. ಮತ್ತೆ ಅದನ್ನೇ ಹೇಳಿದಳು.

ಎರಡನೇ ಕಾಗದದಲ್ಲೂ ಅದೇ ಕೆನ್ನೆ, ಅದೇ ತೆರೆದ ಬಾಯಿ ಬಂತು. ಮೂರನೆಯದರಲ್ಲಿ ಯಾರೋ ಗುರುತಿಲ್ಲದ ಹುಡುಗ ಬಂದ. ಮಿಸ್ ರೆನ್ನಿ ಇದ್ದಿಲನ್ನು ಕೆಳಗಿಟ್ಟರು.

"ಅವನನ್ನ ಅಷ್ಟು ನೋಡಿ ನೋಡಿ ಬರೆದೆ ಬ್ಯಾಬಿ, ನೋಡಿದ್ದೆಲ್ಲ ಅದರೊಳಗೇ ಹೋಯ್ತು. ನಂಗೆ ಆ ಚಿತ್ರ ನೆನಪಿದೆ. ಹುಡುಗ ನೆನಪಿಲ್ಲ."

ಬ್ಯಾಬಿ ಹೌದೆಂಬಂತೆ ತಲೆಯಾಡಿಸಿದಳು. ಜಗಳವಾಡಲು ಬಂದಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು. ಅವಳು ಎದ್ದು, ಅಮ್ಮನ ಭುಜವನ್ನು ಒಮ್ಮೆ ಮುಟ್ಟಿ, ಚಹಾ ಕುಡಿಯದೆ ಹೋದಳು. ಮೇಜಿನ ಮೇಲಿದ್ದ ಕಾಗದಗಳಲ್ಲಿ ಒಂದನ್ನೂ ಒಯ್ಯಲಿಲ್ಲ. ಮಿಸ್ ರೆನ್ನಿ ಅವನ್ನು ಮಡಚಿ ಒಲೆಗೆ ಹಾಕಿದರು. ಆಮೇಲೆ ಬಂದವರಿಗೆಲ್ಲ "ಕೈ ನಡುಗತ್ತೆ, ಆಗಲ್ಲ" ಎಂದು ಹೇಳತೊಡಗಿದರು. ಸ್ವಲ್ಪ ಕಾಲದಲ್ಲೇ ಬರುವವರು ನಿಂತರು. ಮತ್ತೆ ಸಮುದ್ರವನ್ನು ಬರೆಯಬಹುದಿತ್ತು. ನಾನೇ ಮಂಚದ ಕೆಳಗಿನ ಹಳೆಯ ಕ್ಯಾನ್ವಾಸುಗಳನ್ನು ಹೊರಗೆಳೆದು ಧೂಳು ಒರೆಸಿಟ್ಟೆ. ಅವರು ಮುಟ್ಟಲಿಲ್ಲ.

ಶಾಲೆಗೆ ಮಾತ್ರ ತಪ್ಪದೆ ಹೋದರು. ಕಬ್ಬಿಣ ಮುಟ್ಟಿದ್ದ ಮಕ್ಕಳು ದೊಡ್ಡವರಾಗಿ, ಅವರ ಮಕ್ಕಳು ಬಂದು ಮುಟ್ಟಿದರು. ಈ ಸಣ್ಣವಕ್ಕೆ ಯಾಕೆ ಮುಟ್ಟುತ್ತೇವೆ ಎಂಬುದೂ ಗೊತ್ತಿರಲಿಲ್ಲ. ಐವತ್ತೇಳನೇ ಇಸವಿಯ ಫೆಬ್ರವರಿಯಲ್ಲಿ, ನಿವೃತ್ತಿಗೆ ಒಂದು ವರ್ಷ ಇದೆ ಎನ್ನುವಾಗ, ಹೊಲದ ದಾರಿಯಲ್ಲಿ ಹಿಮದ ಮಳೆಗೆ ಸಿಕ್ಕಿ ನೆನೆದು ಬಂದರು. ಜ್ವರ ಎದೆಗಿಳಿಯಿತು. "ಬಂದರಿನ ದಾರೀಲಿ ಬರಬಾರದಾ, ಮಾರಾಯ್ತಿ!" ಎಂದು ಅಮ್ಮ ಬೈಯುತ್ತಾ ಕಾಲುಗಳನ್ನು ತಿಕ್ಕಿದಳು. "ದೋಣಿಯವರು ಹೊರಡೋ ಹೊತ್ತಾಗಿತ್ತು ಎಲ್ಸ್ಪೆಟ್," ಎಂದರು ಅವರು. ವಾರ ಕಳೆಯುವುದರೊಳಗೆ ಹೋದರು.

ನಮ್ಮಲ್ಲಿ ಹೆಣವನ್ನು ಗುಂಡಿಗಿಳಿಸುವಾಗ ಪೆಟ್ಟಿಗೆಗೆ ಕಟ್ಟಿದ ಗಟ್ಟಿ ದಾರಗಳನ್ನು ಗಂಡಸರು ಹಿಡಿಯಬೇಕು. ತಲೆಯ ಕಡೆಯ ದಾರ ಹತ್ತಿರದ ಬಂಧುವಿಗೆ. ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ, ಮನೆಯಲ್ಲೇ ಉಳಿಯುತ್ತಾರೆ. ಮಿಸ್ ರೆನ್ನಿಗೆ ಬಂಧುಗಳು ಯಾರೂ ಉಳಿದಿರಲಿಲ್ಲ, ನಮ್ಮಪ್ಪನೂ ಆಗಲೇ ತೀರಿಹೋಗಿದ್ದ. ಹೆಡ್‌ಮಾಸ್ಟರು ಬಂದರು, ಅಂಚೆಯವನು ಬಂದ, ಕಲ್ಲಿದ್ದಲ ಗಾಡಿಯವನು, ಒಳನಾಡಿನ ಇಬ್ಬರು ರೈತರು ಬಂದರು. ದೋಣಿಯವರು ಒಬ್ಬರೂ ಬರಲಿಲ್ಲ. ಬಂದರಿನ ಗೋಡೆಯ ಹತ್ತಿರ ಸಾಲಾಗಿ ಟೋಪಿ ತೆಗೆದು ನಿಂತಿದ್ದರು, ಇನ್ನೊಂದು ಕೈ ದೋಣಿ ಕಟ್ಟುವ ಕಬ್ಬಿಣದ ಬಳೆಯ ಮೇಲಿತ್ತು. ಕಿಟಕಿಗಳಲ್ಲಿ ಹೆಂಗಸರಿದ್ದರು. ಅವರ ಬೆನ್ನಹಿಂದೆ ಗೋಡೆಗಳಲ್ಲಿ ಯಾರ್ಯಾರಿದ್ದರು ಎಂದು ನನಗೆ ಮನೆಮನೆಯದೂ ಗೊತ್ತು. ಬ್ಯಾಬಿಯ ಪರದೆ ಮುಚ್ಚಿತ್ತು.

ಪೆಟ್ಟಿಗೆ ಹೊರಡುವಾಗ ಅಮ್ಮ ಕಪ್ಪು ಶಾಲು ಹೊದ್ದು ಹೊರಗೆ ಬಂದಳು. ಆಗ ಅವಳಿಗೆ ಎಪ್ಪತ್ತರ ಮೇಲೆ.

"ಹೆಂಗಸರು ಬರೋ ಹಾಗಿಲ್ಲ ಎಲ್ಸ್ಪೆಟ್," ಎಂದ ಪೆಟ್ಟಿಗೆ ಮಾಡಿದ ಬಡಗಿ, ನಾಚುತ್ತಲೇ.

"ಅದು ನಂಗೂ ಗೊತ್ತಪ್ಪ. ತಲೆ ಕಡೆ ದಾರ ಯಾರಿಗೆ ಕೊಡ್ತೀಯ?"

ಅವನು ಸುತ್ತ ನೋಡಿದ. ದಾರ ಅವಳ ಕೈಗೆ ಕೊಟ್ಟ.

ನಾನು ಮನೆಯಲ್ಲಿ ಉಳಿದು ಮಹಡಿಯ ಕೋಣೆ ಗುಡಿಸಿದೆ. ಅಮ್ಮ ವಾಪಸ್ ಬಂದಾಗ ಬೂಟಿಗೆಲ್ಲ ಮಣ್ಣು ಮೆತ್ತಿತ್ತು. ಅಂಗೈಯಲ್ಲಿ ದಾರ ಎಳೆದ ಕೆಂಪು ಗೆರೆ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಒಲೆಯ ಮುಂದೆ ಕೂತಳು.

"ಅಷ್ಟು ಎತ್ತರದ ಹೆಂಗಸು," ಎಂದಳು, "ಏನೂ ಭಾರವೇ ಇರಲಿಲ್ಲ ಕಣೇ."

ಆಮೇಲೆ ನಾವಿಬ್ಬರೂ ಊಟ ಮಾಡಿದೆವು.